ರೇಷ್ಮೆ ಸೀರೆ: ಬಿಚ್ಚಿದ ರಾತ್ರಿಯಿಂದ ಮತ್ತೆ ಉಡುವ ದಿನದವರೆಗೆ

ವರ್ಷಕ್ಕೆ ನಾಲ್ಕೈದು ಸಲ ಉಡುವ ರೇಷ್ಮೆ ಸೀರೆ ಮೈಮೇಲಿರುವುದು ಒಟ್ಟು ಮೂವತ್ತು, ನಲವತ್ತು ಗಂಟೆ. ಉಳಿದ ಕಾಲವೆಲ್ಲ ಅದು ಬೀರುವಿನ ಕತ್ತಲಲ್ಲಿ ಮಡಿಸಿಕೊಂಡು ಬಿದ್ದಿರುತ್ತದೆ. ಬೆವರಿನ ಉಪ್ಪು ನೂಲನ್ನು ತಿನ್ನುವುದು, ಮಡಿಕೆ ಸೀಳುವುದು, ಜರಿ ಕಪ್ಪಾಗುವುದು, ಬೂಷ್ಟು ಹಿಡಿಯುವುದು ಎಲ್ಲ ನಡೆಯುವುದು ಆಗಲೇ. ಮದುವೆ ಮನೆಯಲ್ಲಿ ಅಷ್ಟು ಜೋಪಾನವಾಗಿ ಉಟ್ಟವರು, ಮನೆಗೆ ಬಂದ ಮೇಲೆ ಸುಸ್ತಾಯಿತೆಂದು ಹಾಗೇ ಸುತ್ತಿ ಬೀರುವಿಗೆ ತುರುಕುತ್ತಾರೆ. ಸೀರೆಯ ಆಯಸ್ಸು ತೀರ್ಮಾನವಾಗುವುದು ಆ ಹತ್ತು ನಿಮಿಷದಲ್ಲಿ.

ಒಂದು ಸಂಗತಿ ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ತಲೆಗೆ ಹತ್ತುತ್ತದೆ. ಹತ್ತಿ ಗಿಡದ ನಾರು, ರೇಷ್ಮೆ ಹುಳುವಿನ ಪ್ರೊಟೀನು. ನಮ್ಮ ತಲೆಗೂದಲಿನ ಹಾಗೆಯೇ. ತಲೆಗೂದಲಿಗೆ ವಾಷಿಂಗ್ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿದರೆ ಏನಾಗುತ್ತದೋ ರೇಷ್ಮೆಗೂ ಅದೇ ಆಗುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಕ್ಷಾರ ಹೆಚ್ಚು. ಹಲವು ಪುಡಿಗಳಲ್ಲಿ ರಕ್ತ, ಹಾಲು, ಮೊಟ್ಟೆಯ ಕಲೆ ತೆಗೆಯಲೆಂದು ಪ್ರೊಟೀನನ್ನೇ ಕರಗಿಸುವ ಕಿಣ್ವಗಳೂ ಇರುತ್ತವೆ. ಅವಕ್ಕೆ ಕಲೆ ಯಾವುದು, ಸೀರೆ ಯಾವುದು ಎಂಬ ಭೇದವಿಲ್ಲ. ಕ್ಲೋರಿನ್ ಬ್ಲೀಚ್ ಅಂತೂ ರೇಷ್ಮೆಯನ್ನು ಅಕ್ಷರಶಃ ಕರಗಿಸಿಬಿಡುತ್ತದೆ.

ಬಿಚ್ಚಿದ ರಾತ್ರಿ

ಮೊದಲು ಪಿನ್ನುಗಳು. ಭುಜದ ಮೇಲೆ, ನೆರಿಗೆಯಲ್ಲಿ, ಬೆನ್ನಿನ ಹತ್ತಿರ, ಎಷ್ಟು ಚುಚ್ಚಿದ್ದಿರೋ ಅಷ್ಟನ್ನೂ ಎಣಿಸಿ ತೆಗೆಯಿರಿ. ಒಂದೇ ಒಂದು ಪಿನ್ನು ಉಳಿದರೂ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕಿನ ಕಲೆ ಆಗಿರುತ್ತದೆ, ಅದು ಡ್ರೈ ವಾಷ್‌ಗೆ ಹೋಗುವ ಕಲೆ ಅಲ್ಲ. ಆಮೇಲೆ ಸೀರೆಯನ್ನು ಫ್ಯಾನಿನ ಕೆಳಗೆ ಹರವಿ. ತೆಳು ದಾರದ ಮೇಲೆ ಹಾಕಬೇಡಿ, ದಾರದ ಗೆರೆ ಮೂಡುತ್ತದೆ. ದಪ್ಪ ಟವಲ್ ಹೊದಿಸಿದ ದಂಡಿಗೆ, ಕುರ್ಚಿಯ ಬೆನ್ನು, ಮಂಚ ಯಾವುದಾದರೂ ಆದೀತು. ಕಂಕುಳು, ಸೊಂಟ, ಕತ್ತಿನ ಹತ್ತಿರ ಬರುವ ಭಾಗ ಮೇಲೆ ಕಾಣುವಂತಿರಲಿ. ಇಡೀ ರಾತ್ರಿ, ಸೆಕೆಗಾಲವಾದರೆ ಮಾರನೆಯ ದಿನವೂ ಹಾಗೇ ಬಿಡಿ. ಬಿಸಿಲು ಬೇಡ. ನೇರ ಬಿಸಿಲಿಗೆ ರೇಷ್ಮೆ ಹಳದಿ ತಿರುಗುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ.

ಹಗಲು ಬೆಳಕಿನಲ್ಲಿ ಒಂದು ಸಲ ಪೂರ್ತಿ ನೋಡಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ತುಪ್ಪದ ಕಲೆ ಕಾಣುವುದಿಲ್ಲ. ಮೊದಲು ನೋಡಬೇಕಾದ್ದು ಸೆರಗಿನ ತುದಿ (ಊಟಕ್ಕೆ ಕೂತಾಗ ಎಲೆಗೆ ತಾಗುವುದು ಅದೇ), ನೆರಿಗೆಯ ಮುಂಭಾಗ, ಕೆಳಗಿನ ಅಂಚು. ಅಂಚಿನ ಧೂಳನ್ನು ಒಣ ಮೆತ್ತನೆ ಬ್ರಷ್‌ನಿಂದ ನೂಲಿನ ಉದ್ದಕ್ಕೆ ಹಗುರವಾಗಿ ಕೊಡವಿ.

ಸೆಂಟು, ಡಿಯೋಡರೆಂಟ್ ಹಾಕಿಕೊಳ್ಳುವವರು ಸೀರೆ ಉಡುವ ಹತ್ತು ನಿಮಿಷ ಮೊದಲೇ ಹಾಕಿಕೊಂಡು ಮೈ ಒಣಗಿಸಿಕೊಳ್ಳಬೇಕು. ಜರಿಯ ಮೇಲೆ ಸೆಂಟು ಬಿದ್ದಲ್ಲಿ ಮುಂದೆ ಕಪ್ಪು ಚುಕ್ಕೆ ಏಳುತ್ತದೆ.

ಕಲೆ ಬಿದ್ದಾಗ

ಎಲ್ಲರೂ ಮಾಡುವ ತಪ್ಪು ಒಂದೇ: ಒದ್ದೆ ಕರ್ಚೀಫಿನಿಂದ ಉಜ್ಜುವುದು. ಒದ್ದೆ ರೇಷ್ಮೆಯನ್ನು ಉಜ್ಜಿದರೆ ಅಲ್ಲಿನ ಎಳೆಗಳು ಕೆದರಿ ಮಂಕಾಗುತ್ತವೆ. ಕಲೆ ಹೋದರೂ ಆ ಮಂಕು ಹೋಗುವುದಿಲ್ಲ.

ತುಪ್ಪ, ಎಣ್ಣೆ, ಒಬ್ಬಟ್ಟಿನ ಜಿಡ್ಡು: ನೀರು ಮುಟ್ಟಿಸಬೇಡಿ. ಬಿಳಿ ಟಿಶ್ಯೂ ಅಥವಾ ಹತ್ತಿಬಟ್ಟೆಯಿಂದ ಒತ್ತಿ ಜಿಡ್ಡು ಹೀರಿಸಿ. ಕಲೆಯ ಎರಡೂ ಮಗ್ಗುಲಿಗೆ ಟಾಲ್ಕಂ ಪೌಡರ್ ದಪ್ಪಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೊಡವಿ, ಜಿಡ್ಡು ಇನ್ನೂ ಇದ್ದರೆ ಮತ್ತೊಮ್ಮೆ. ಪೌಡರಿಗೆ ಬಣ್ಣ, ಗಟ್ಟಿ ವಾಸನೆ ಇರಬಾರದು. ಹೊಸ ಕಲೆ ಇಷ್ಟಕ್ಕೇ ಬಹುಪಾಲು ಹೋಗುತ್ತದೆ. ಉಳಿದದ್ದು ಡ್ರೈ ವಾಷ್‌ನವರ ಕೆಲಸ.

ಅರಿಶಿನ: ಇದರಲ್ಲಿ ಸುಳ್ಳು ಭರವಸೆ ಬೇಡ. ಅರಿಶಿನ ರೇಷ್ಮೆಗೆ ನಿಜವಾಗಿಯೂ ಬಣ್ಣವೇ, ಹಿಂದೆ ರೇಷ್ಮೆಗೆ ಬಣ್ಣ ಹಾಕಲು ಬಳಸುತ್ತಿದ್ದದ್ದೇ. ಸೋಪು ಹಚ್ಚಿದ ಕೂಡಲೇ ಅದು ರಕ್ತಗೆಂಪಾಗುತ್ತದೆ. ಗಾಬರಿ ಬೇಡ, ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು. ನೀರಿನಲ್ಲಿ ಸೋಪು ಹೋದರೆ ಹಳದಿಗೆ ಮರಳುತ್ತದೆ. ಹತ್ತಿಬಟ್ಟೆಯಾದರೆ ಬಿಸಿಲಿಗೆ ಹಾಕಿ ಕಲೆ ಮಾಸಿಸಬಹುದು, ರೇಷ್ಮೆಯಲ್ಲಿ ಹಾಗೆ ಮಾಡಿದರೆ ಸೀರೆಯ ಬಣ್ಣವೂ ಜೊತೆಗೆ ಹೋಗುತ್ತದೆ. ಒಣ ಅರಿಶಿನ ಕುಂಕುಮ ಉದುರಿದ್ದರೆ ಬೆರಳಿನಿಂದ ಒರೆಸದೆ, ಸೀರೆಯನ್ನು ಎತ್ತಿ ಕೆಳಮುಖವಾಗಿ ಕೊಡವಿ, ಊದಿ. ತೊಂಬತ್ತು ಪಾಲು ಅಲ್ಲೇ ಹೋಗುತ್ತದೆ.

ಕಾಫಿ, ಟೀ: ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯಿಂದ ಒತ್ತುತ್ತಾ ಬನ್ನಿ, ಬಟ್ಟೆಯ ಸ್ವಚ್ಛ ಭಾಗಕ್ಕೆ ಮತ್ತೆ ಮತ್ತೆ ಬದಲಿಸಿ. ಬಿಸಿನೀರು ಬೇಡ, ಹಾಲಿನ ಅಂಶ ಬೆಂದು ಗಟ್ಟಿಯಾಗುತ್ತದೆ. ತಾಂಬೂಲದ ಸುಣ್ಣ ಬಿದ್ದರೆ ಒಣಗಲು ಬಿಟ್ಟು, ಉಗುರಿನಿಂದ ಎಬ್ಬಿಸಿ ಉದುರಿಸಿ. ಒದ್ದೆ ಮಾಡಿದರೆ ಸುಣ್ಣದ ಕ್ಷಾರ ಬಣ್ಣವನ್ನೇ ತಿನ್ನುತ್ತದೆ.

ನೀರಿಗೆ ಹಾಕಬಹುದೇ?

ಕೆಲವಕ್ಕೆ ಸೈ, ಕೆಲವಕ್ಕೆ ಖಂಡಿತ ಬೇಡ. ಮೈಸೂರು ಸಿಲ್ಕಿನ ಕ್ರೇಪ್ ಸೀರೆಯ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದಿರುತ್ತಾರೆ. ಅದರ ಇಳಿಬೀಳುವ ಅಂದ, ಮುಟ್ಟಿದರೆ ಸಿಗುವ ಸಣ್ಣ ತರಿ, ಎರಡೂ ಆ ಹುರಿಯಿಂದಲೇ. ನೀರು ತಾಗಿದರೆ ಹುರಿ ಮತ್ತೆ ಬಿಗಿದು ಸೀರೆ ಮುದುಡುತ್ತದೆ. ಜರಿ ಅಂಚು ಮುದುಡದು, ಮೈ ಮಾತ್ರ ಮುದುಡುತ್ತದೆ. ಆಮೇಲೆ ಅಂಚು ಅಲೆಅಲೆಯಾಗಿ ಏಳುವುದನ್ನು ಯಾವ ಇಸ್ತ್ರಿಯೂ ಸರಿಮಾಡದು. ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಕಂಚಿ ಸೀರೆಗೂ ನೀರು ಬೇಡ. ಮರೂನ್ ಅಂಚಿನ ಬಣ್ಣ ಕೆನೆ ಬಣ್ಣದ ಮೈಗೆ ಇಳಿದರೆ ಮುಗಿಯಿತು. ಇಳಕಲ್ ಸೀರೆಯದು ಬೇರೆ ತೊಡಕು: ಈಗ ಬರುವ ಬಹಳಷ್ಟರ ಸೆರಗು ಕೃತಕ ರೇಷ್ಮೆ, ಅಂದರೆ ರೇಯಾನ್. ಅದು ಒದ್ದೆಯಾದಾಗ ಅರ್ಧ ಬಲ ಕಳೆದುಕೊಳ್ಳುತ್ತದೆ. ಒದ್ದೆ ಸೀರೆಯನ್ನು ಸೆರಗು ಹಿಡಿದು ಎತ್ತಿದರೆ ಮೈಯ ಭಾರಕ್ಕೆ ಸೆರಗು ಜೋಡಿಸಿದ ಜಾಗದಲ್ಲೇ ಹರಿಯಬಹುದು. ಎರಡೂ ಕೈಯಲ್ಲಿ ರಾಶಿಯಾಗಿ ಎತ್ತಬೇಕು.

ಜರಿಯಿಲ್ಲದ, ಒಂದೇ ಬಣ್ಣದ, ಸಾದಾ ಮೆತ್ತನೆ ರೇಷ್ಮೆಯನ್ನು ಮನೆಯಲ್ಲಿ ತೊಳೆಯಬಹುದು. ಅದಕ್ಕೂ ಮೊದಲು ಬಣ್ಣದ ಪರೀಕ್ಷೆ: ಒಳಗೆ ಸಿಕ್ಕಿಸಿಕೊಳ್ಳುವ ತುದಿಯಲ್ಲಿ ಒಂದು ರೂಪಾಯಿಯಷ್ಟು ಜಾಗ ಒದ್ದೆ ಮಾಡಿ, ಬಿಳಿ ಬಟ್ಟೆ ಇಟ್ಟು ಒಂದು ನಿಮಿಷ ಒತ್ತಿಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತು ಬಹಳ ಹಳೆಯದು. ಆದರೆ ಬಣ್ಣ ಹಾಕುವಾಗ ನಿಲ್ಲದ ಬಣ್ಣವನ್ನು ಆಮೇಲೆ ಉಪ್ಪು ತಂದು ನಿಲ್ಲಿಸುವುದಿಲ್ಲ.

ಅಂಟುವಾಳದ ತೊಳೆತ

ಒಂದು ಸೀರೆಗೆ ಹತ್ತು ಅಂಟುವಾಳ ಕಾಯಿ ಸಾಕು. ಬೀಜ ತೆಗೆದು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಒಂದು ಚೂರು ಸಿಪ್ಪೆ ಉಳಿದರೂ ತಿಳಿ ಬಣ್ಣದ ಸೀರೆಯ ಮೇಲೆ ಕಂದು ಚುಕ್ಕೆ. ಬಿಳಿ, ಕೆನೆ ಬಣ್ಣದ ಸೀರೆಗೆ ಅಂಟುವಾಳವೇ ಬೇಡ, ಅದರ ನೀರಿಗೂ ಬಣ್ಣವಿದೆ. ಅಂಥವಕ್ಕೆ ಉಣ್ಣೆ, ರೇಷ್ಮೆಗೆಂದೇ ಬರುವ ದ್ರವ ಸೋಪು ಒಂದು ಚಹಾ ಚಮಚ ಸಾಕು.

ಅಗಲವಾದ ಟಬ್ಬಿನಲ್ಲಿ ಏಳೆಂಟು ಲೀಟರ್ ತಣ್ಣೀರಿಗೆ ಸೋಸಿದ ನೀರನ್ನು ಬೆರೆಸಿ, ಕೈಯಾಡಿಸಿ, ಆಮೇಲೆ ಸೀರೆ ಇಳಿಸಿ. ಸೀರೆಯ ಮೇಲೆ ನೇರವಾಗಿ ಸೋಪು ಸುರಿಯಬೇಡಿ. ಅಂಗೈಯಿಂದ ಅದುಮಿ ಬಿಡುತ್ತಾ ಮೂರ್ನಾಲ್ಕು ನಿಮಿಷ, ಅಷ್ಟೇ. ನೆನೆಹಾಕುವುದು, ಕಲ್ಲಿಗೆ ಕುಕ್ಕುವುದು, ಹಿಂಡುವುದು ಮೂರೂ ಇಲ್ಲ. ಎರಡು ಮೂರು ನೀರಿನಲ್ಲಿ ಜಾಲಾಡಿಸಿ. ಕೊನೆಯ ಐದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನಿಗರ್ ಹಾಕಿದರೆ ಉಳಿದ ಕ್ಷಾರ ಹೋಗಿ ಹೊಳಪು ಮರಳುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸುವವರಿಗೆ ಇದು ಹೆಚ್ಚು ಉಪಯೋಗ. ಜರಿ ಇರುವ ಬಟ್ಟೆಗೆ ಮಾತ್ರ ವಿನಿಗರ್ ಬೇಡ, ತಾಮ್ರದ ಜರಿ ಹಸಿರಾಗುತ್ತದೆ.

ಒಣ ಟವಲ್ ಹಾಸಿ, ಸೀರೆಯನ್ನು ಅದರ ಮೇಲೆ ಮಡಿಸಿಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿ. ನೀರನ್ನು ಟವಲ್ ಹೀರಿಕೊಳ್ಳುತ್ತದೆ. ನೆರಳಿನಲ್ಲಿ, ಗಾಳಿಗೆ ಒಣಗಿಸಿ. ಪೂರ್ತಿ ಒಣಗುವ ಮೊದಲೇ, ಸ್ವಲ್ಪ ಪಸೆ ಇರುವಾಗ ಒಳಮಗ್ಗುಲಿಂದ ಇಸ್ತ್ರಿ. ಇಸ್ತ್ರಿಪೆಟ್ಟಿಗೆಯಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ, ಎರಡು ಚುಕ್ಕೆ ಎಂದರೆ 150. ಒಂದರಿಂದ ಶುರುಮಾಡಿ, ಎರಡು ದಾಟಬೇಡಿ. ಒಣಗಿದ ಸೀರೆಯ ಮೇಲೆ ಕೈಯಿಂದ ನೀರು ಚಿಮುಕಿಸಿದರೆ ಹನಿ ಬಿದ್ದಲ್ಲೆಲ್ಲ ಗುರುತು ನಿಲ್ಲುತ್ತದೆ. ಜರಿಗೆ ಇಸ್ತ್ರಿ ನೇರವಾಗಿ ತಾಗದಂತೆ ತೆಳು ಹತ್ತಿಬಟ್ಟೆ ಹಾಕಿ.

ಡ್ರೈ ವಾಷ್ ಅಂಗಡಿಯಲ್ಲಿ ಹೇಳಬೇಕಾದ ಮಾತು

ಒಂದು ಸಲ ಉಟ್ಟದ್ದಕ್ಕೆಲ್ಲ ಡ್ರೈ ವಾಷ್ ಬೇಕಿಲ್ಲ. ಬೆವರು ಹತ್ತದಿದ್ದರೆ, ಕಲೆ ಇಲ್ಲದಿದ್ದರೆ, ಗಾಳಿಗೆ ಹಾಕಿ ಎತ್ತಿಟ್ಟು ಮೂರು ನಾಲ್ಕು ಸಲ ಉಡಬಹುದು. ಆದರೆ ಎರಡು ಮೂರು ತಿಂಗಳಿಗಿಂತ ಹೆಚ್ಚು ಒಳಗಿಡುವ ಮುನ್ನ ಬೆವರು ಹತ್ತಿದ ಸೀರೆ ಶುಚಿಯಾಗಿರಲೇಬೇಕು.

ಕೊಡುವಾಗ ಕಲೆಯನ್ನು ಬೆರಳಿಟ್ಟು ತೋರಿಸಿ, ಯಾವುದರ ಕಲೆ ಎಂದು ಹೇಳಿ. ಜಿಡ್ಡು ದ್ರಾವಕದಲ್ಲಿ ಹೋಗುತ್ತದೆ. ಬೆವರು, ಕಾಫಿ, ಪಾನಕದ ಸಕ್ಕರೆ ಹೋಗುವುದಿಲ್ಲ, ಅವನ್ನು ಬೇರೆಯಾಗಿಯೇ ತೆಗೆಯಬೇಕು. ಹೇಳದಿದ್ದರೆ ಹಾಗೇ ಪ್ರೆಸ್ ಆಗಿ ಬರುತ್ತದೆ. ಕಾಣದ ಸಕ್ಕರೆ ಕಲೆ ಆರು ತಿಂಗಳಲ್ಲಿ ಕಂದು ಬಣ್ಣಕ್ಕೆ ಏಳುತ್ತದೆ. ಸೆರಗಿನ ಕುಚ್ಚಿಗೆ ಮಣಿ ಪೋಣಿಸಿದ್ದರೆ ಅದನ್ನೂ ಹೇಳಿ: ಕೆಲವು ಪ್ಲಾಸ್ಟಿಕ್ ಮಣಿಗಳು ದ್ರಾವಕದಲ್ಲಿ ಕರಗಿ ಸೀರೆಗೆ ಅಂಟುತ್ತವೆ. ಕುಚ್ಚನ್ನು ಸೊಳ್ಳೆಪರದೆಯ ತುಂಡಿನಲ್ಲಿ ಕಟ್ಟಿ ಕೊಟ್ಟರೆ ಗಂಟುಬೀಳುವುದಿಲ್ಲ.

'ಪಾಲಿಶ್ ಮಾಡಲಾ?' ಎಂದು ಕೇಳುತ್ತಾರೆ. ಪಾಲಿಶ್ ಎಂದರೆ ಸಾಮಾನ್ಯವಾಗಿ ಗಂಜಿಯನ್ನೋ ಅಂಟನ್ನೋ ಹಾಯಿಸಿ ರೋಲರಿನಲ್ಲಿ ಒತ್ತುವುದು. ಸೀರೆ ಹೊಸದರಂತೆ ಸೆಟೆದು ನಿಲ್ಲುತ್ತದೆ, ಅದರಲ್ಲಿ ಸುಳ್ಳಿಲ್ಲ. ಮುಂದಿನ ವಾರ ಉಡುವುದಾದರೆ ಮಾಡಿಸಿ. ಎತ್ತಿಡುವ ಸೀರೆಗೆ ಬೇಡವೇ ಬೇಡ. ಗಂಜಿ ಎಂದರೆ ಹುಳುವಿಗೆ ಊಟ, ಬೂಷ್ಟಿಗೆ ಗೊಬ್ಬರ, ಮಡಿಕೆ ಸೀಳಲು ಒಳ್ಳೆಯ ನೆಪ.

ಮನೆಗೆ ತಂದ ಕೂಡಲೇ ಪ್ಲಾಸ್ಟಿಕ್ ಕವರ್ ತೆಗೆದು ಒಂದು ದಿನ ಗಾಳಿಗೆ ಹಾಕಿ. ಸೀಮೆಎಣ್ಣೆಯಂಥ ವಾಸನೆ ಪೂರ್ತಿ ಹೋದ ಮೇಲೆಯೇ ಬೀರು.

ಹೊಸ ಸೀರೆಗೆ ಫಾಲ್ಸ್ ಹಾಕಿಸುವವರಿಗೆ ಇಲ್ಲೇ ಒಂದು ಮಾತು. ಹತ್ತಿಯ ಫಾಲ್ಸನ್ನು ಹೊಲಿಯುವ ಮುನ್ನ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಸಿ. ಇಲ್ಲದಿದ್ದರೆ ಆಮೇಲೆ ಅದೊಂದೇ ಮುದುಡಿ ಅಂಚನ್ನು ಎಳೆಯುತ್ತದೆ. ಬಣ್ಣ ಬಿಡುವ ಫಾಲ್ಸ್ ಆದರೆ ಆ ನೀರಿನಲ್ಲೇ ಗೊತ್ತಾಗುತ್ತದೆ.

ಮಡಿಸುವ ಲೆಕ್ಕ

ಹಳೆಯ ಸೀರೆ ಹರಿದದ್ದನ್ನು ಬಿಡಿಸಿ ನೋಡಿ. ಸೀಳು ಅಡ್ಡಾದಿಡ್ಡಿ ಇರುವುದಿಲ್ಲ, ಅಳತೆಪಟ್ಟಿ ಇಟ್ಟು ಕತ್ತರಿಸಿದಂತೆ ಒಂದೇ ಅಂತರದಲ್ಲಿ ನೇರವಾಗಿ ಇರುತ್ತದೆ. ಅದು ಮಡಿಕೆಯ ಗೆರೆ. ಐದೂವರೆ ಮೀಟರ್ ಸೀರೆಯನ್ನು ನಾಲ್ಕು ಸಲ ಅರ್ಧಕ್ಕೆ ಮಡಿಸಿದರೆ ಹದಿನಾರು ಪದರ, ಸುಮಾರು 34 ಸೆಂಟಿಮೀಟರಿಗೊಂದು ಗೆರೆ. ಎಷ್ಟು ಸಲ ಬಿಚ್ಚಿ ಮತ್ತೆ ಅರ್ಧರ್ಧ ಮಡಿಸಿದರೂ ಗೆರೆ ಅದೇ ಜಾಗಕ್ಕೆ ಬೀಳುತ್ತದೆ. 'ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಸುತ್ತೇನಲ್ಲ, ಆದರೂ ಹರಿಯಿತು' ಎನ್ನುವವರು ಗಮನಿಸದ ಸಂಗತಿ ಇದು.

ಗೆರೆ ಸರಿಯಬೇಕಾದರೆ ಲೆಕ್ಕ ಬದಲಾಗಬೇಕು. ಈ ಸಲ ಅಗಲವನ್ನು ಅರ್ಧಕ್ಕೆ ಮಡಿಸಿದ್ದರೆ ಮುಂದಿನ ಸಲ ಮೂರು ಭಾಗ ಮಾಡಿ. ಉದ್ದಕ್ಕೆ ಮಡಿಸುವಾಗ ತುದಿಯಿಂದ ಒಂದು ಗೇಣು ಒಳಗೆ ಮೊದಲ ಮಡಿಕೆ ಹಾಕಿ, ಮಿಕ್ಕಿದ್ದನ್ನು ಅರ್ಧರ್ಧ ಮಾಡುತ್ತಾ ಹೋಗಿ. ಜರಿ ಒಳಮಗ್ಗುಲಿಗೆ ಬರಲಿ, ಪಕ್ಕದ ಸೀರೆಗೆ ಉಜ್ಜುವುದು ತಪ್ಪುತ್ತದೆ. ಅಜ್ಜಿ ಕಾಲದ ಸೀರೆಯಾದರೆ ಪ್ರತಿ ದೊಡ್ಡ ಮಡಿಕೆಯ ಒಳಗೆ ಹಳೆ ಪಂಚೆಯ ತುಂಡನ್ನು ಹೆಬ್ಬೆರಳು ದಪ್ಪಕ್ಕೆ ಸುರುಳಿ ಸುತ್ತಿ ಇಡಿ. ಆಗ ಮಡಿಕೆ ಗೆರೆಯಾಗದೆ ಬಳುಕಾಗಿ ಕೂರುತ್ತದೆ.

ಪ್ರತಿ ಸೀರೆಗೂ ಗಂಜಿ ಇಲ್ಲದ, ಎರಡು ಮೂರು ಸಲ ಒಗೆದ ಬಿಳಿ ಹತ್ತಿಬಟ್ಟೆಯ ಹೊದಿಕೆ. ಹಳೆ ಪಂಚೆಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು. ಜಿಪ್ಪಿನ ಪ್ಲಾಸ್ಟಿಕ್ ಕವರ್ ಚೆಂದ ಕಾಣುತ್ತದೆ, ಆದರೆ ಒಳಗಿನ ತೇವ ಹೊರಗೆ ಹೋಗದು. ಹಳೆ ಪೇಪರಿನ ಮಸಿ, ರಬ್ಬರ್ ಬ್ಯಾಂಡಿನ ಗಂಧಕ ಎರಡೂ ದೂರವಿರಲಿ. ರವಿಕೆಯನ್ನು ಸೀರೆಯ ಮಡಿಕೆಯೊಳಗೇ ಇಡುವ ರೂಢಿ ಬಿಡಿ: ಹುಕ್ಕಿನ ತುಕ್ಕು ಸೀರೆಗೆ ಇಳಿಯುತ್ತದೆ, ಕಂಕುಳ ಬೆವರು ಇಡೀ ಗಂಟಿಗೆ ವಾಸನೆ ಹಿಡಿಸುತ್ತದೆ. ಒಂದರ ಮೇಲೊಂದು ನಾಲ್ಕೈದಕ್ಕಿಂತ ಹೆಚ್ಚು ಪೇರಿಸಬೇಡಿ, ಜರಿಯ ಭಾರದ ಸೀರೆ ತಳದಲ್ಲಿರಲಿ. ಭಾರದ ಸೀರೆಯನ್ನು ಹ್ಯಾಂಗರಿಗೆ ನೇತುಹಾಕಿದರೆ ತನ್ನ ತೂಕಕ್ಕೆ ತಾನೇ ಜಗ್ಗುತ್ತದೆ.

ಮಳೆಗಾಲದ ಬೀರು

ಗಾಳಿಯ ತೇವಾಂಶ 65, 70 ಶೇಕಡಾ ದಾಟಿದರೆ ಬೂಷ್ಟು ಬೆಳೆಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಅದಕ್ಕಿಂತ ಮೇಲೆಯೇ. ಬಚ್ಚಲುಮನೆಯ ಗೋಡೆಗೋ ಮಳೆ ಬಡಿಯುವ ಹೊರಗೋಡೆಗೋ ಬೀರು ಒತ್ತಿದ್ದರೆ ನಾಲ್ಕು ಬೆರಳು ಮುಂದಕ್ಕೆ ತನ್ನಿ. ಕಬ್ಬಿಣದ ಬೀರುವಿನ ತಗಡು ರಾತ್ರಿ ತಣ್ಣಗಾಗಿ ಒಳಗಡೆಯೇ ಬೆವರುತ್ತದೆ. ಸೀರೆ ಹಿಂದಿನ ತಗಡಿಗೆ ತಾಗದಂತೆ ದಪ್ಪ ಬಟ್ಟೆ ಅಡ್ಡ ಇಡಿ. ಮಳೆ ಹಿಡಿದ ದಿನ 'ಗಾಳಿಯಾಡಲಿ' ಎಂದು ಬಾಗಿಲು ತೆರೆದಿಡುವುದು ತೇವವನ್ನು ಕರೆದು ಕೂರಿಸಿದಂತೆ. ಬಿಸಿಲು ಬಂದ ದಿನ ಮಧ್ಯಾಹ್ನ ಒಂದು ತಾಸು ತೆರೆಯಿರಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೇಗೂ ಸೀರೆ ಹೊರಗೆ ಬರುತ್ತದೆ, ಉಡದವನ್ನೂ ಆಗ ಒಮ್ಮೆ ಮುಟ್ಟಿ ನೋಡಿ, ಮೂಸಿ ನೋಡಿ. ದೊಡ್ಡ ಕೆಲಸವನ್ನೆಲ್ಲ ದೀಪಾವಳಿ ಕಳೆದ ಮೇಲಿನ ಒಣಹವೆಗೆ ಇಟ್ಟುಕೊಳ್ಳಿ.

ಬೂಷ್ಟು ಕಂಡರೆ ಆ ಸೀರೆಯನ್ನು ಮೊದಲು ಬೇರೆ ಮಾಡಿ. ಕೋಣೆಯೊಳಗೆ ಕೊಡವಬೇಡಿ, ಧೂಳಿನಂತೆ ಹಾರಿ ಉಳಿದವಕ್ಕೂ ಹತ್ತುತ್ತದೆ. ಹೊರಗೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಬ್ರಷ್. ಒದ್ದೆಯಿದ್ದಾಗ ಬ್ರಷ್ ಹಾಕಿದರೆ ನೂಲಿನೊಳಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಡ್ರೈ ವಾಷ್.

ಹುಳು, ಗುಳಿಗೆ, ಲಾವಂಚ

ಡಾಂಬರು ಗುಳಿಗೆಯ ಆವಿ ಗಾಳಿಗಿಂತ ಭಾರ, ಆದ್ದರಿಂದ ಮೇಲಿನ ಅರೆಯಲ್ಲಿ ಬಟ್ಟೆಚೀಲದಲ್ಲಿ ಇಡಬೇಕು. ಸೀರೆಯ ಮಡಿಕೆಯೊಳಗೆ ಹಾಕಿದರೆ ಜರಿ ಮಂಕಾಗುತ್ತದೆ. ಡಾಂಬರು ಗುಳಿಗೆ, ಕರ್ಪೂರ ಎರಡನ್ನೂ ಒಟ್ಟಿಗೆ ಇಡಲೇಬೇಡಿ. ಒಂದಕ್ಕೊಂದು ತಾಗಿದರೆ ನಮ್ಮ ಬೇಸಿಗೆಯ ಸೆಕೆಗೇ ಕರಗಿ ಎಣ್ಣೆಯಂತೆ ಇಳಿಯುತ್ತವೆ. ಇನ್ನೊಂದು ಗಂಭೀರ ಸಂಗತಿ: ತೊಟ್ಟಿಲು ಶಾಸ್ತ್ರಕ್ಕೆ ಅಜ್ಜಿಯ ರೇಷ್ಮೆ ಸೀರೆಯಲ್ಲಿ ಕೂಸನ್ನು ಸುತ್ತುವ ಪದ್ಧತಿ ಇದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸಿಗೆ ಈ ಗುಳಿಗೆಯ ಆವಿಯಿಂದ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಗುಳಿಗೆಯ ಜೊತೆ ಇದ್ದ ಬಟ್ಟೆಯನ್ನು ಕೂಸಿಗೆ ಸೋಕಿಸಬೇಡಿ.

ಲಾವಂಚದ ಬೇರು, ಬಜೆ, ಒಣ ಬೇವಿನೆಲೆ, ಲವಂಗ ಇವು ವಾಸನೆಗೆ ಒಳ್ಳೆಯವು, ಹುಳುವನ್ನು ಸ್ವಲ್ಪ ದೂರ ಇಡುತ್ತವೆ, ಇರುವ ಹುಳುವನ್ನು ಕೊಲ್ಲುವುದಿಲ್ಲ. ಬಟ್ಟೆಚೀಲದಲ್ಲಿ ಕಟ್ಟಿಡಿ, ಆರು ತಿಂಗಳಿಗೊಮ್ಮೆ ಬದಲಿಸಿ. ಜರಿಯಿಲ್ಲದ ಸೀರೆಗೆ ಹುಳು ಬಿದ್ದೇಬಿಟ್ಟಿದ್ದರೆ ಫ್ರೀಜರ್ ದಾರಿ ಇದೆ: ಪೂರ್ತಿ ಒಣಗಿದ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಕೂಡಲೇ ಬಿಚ್ಚಿದರೆ ತಣ್ಣನೆ ರೇಷ್ಮೆಯ ಮೇಲೆ ನೀರು ಕೂರುತ್ತದೆ.

ಜರಿ ಕಪ್ಪಾದರೆ

ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಮೈಸೂರು ಸಿಲ್ಕ್ ತಯಾರಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ 65 ಶೇಕಡಾ ಬೆಳ್ಳಿ, 0.65 ಶೇಕಡಾ ಚಿನ್ನ ಎಂದು ಹೇಳುತ್ತದೆ. ಅಂದರೆ ಉಜ್ಜಿ ಕಳೆದುಕೊಳ್ಳಲು ಅಲ್ಲಿ ಚಿನ್ನ ಅಷ್ಟೇ ಇರುವುದು. ಹುಣಸೆ, ನಿಂಬೆ, ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚಿ ಬೆಳ್ಳಿ ದೀಪ ಬೆಳಗಿದಂತೆ ಬೆಳಗಿದರೆ ಆ ಲೇಪ ಒಂದೇ ಸಲಕ್ಕೆ ಹೋಗಿ ಬಿಳಿ ಬೆಳ್ಳಿ ಕಾಣುತ್ತದೆ, ಪಕ್ಕದ ರೇಷ್ಮೆಯೂ ಸಾಯುತ್ತದೆ. ಗೀರಿದಾಗ ಒಳಗೆ ಕೆಂಪು ಕಂಡರೆ ಅದು ತಾಮ್ರದ ಜರಿ, ಕಪ್ಪಾದ ಮೇಲೆ ಅದಕ್ಕೆ ಮನೆಮದ್ದು ಇಲ್ಲ. ಅಸಲಿ ಜರಿಯ ಮಂಕನ್ನು ಒಣ ಮಲ್ ಬಟ್ಟೆಯಿಂದ ಎಳೆಯ ಉದ್ದಕ್ಕೆ ಹಗುರವಾಗಿ ಒರೆಸಿ, ಅಷ್ಟಕ್ಕೆ ಬಿಡಿ.

ಮಡಿಕೆಯಲ್ಲಿ ಆಗಲೇ ಸೀಳು ಬಿಟ್ಟ ಸೀರೆ ಇದ್ದರೆ ಇಸ್ತ್ರಿ ಮಾಡಿಸಬೇಡಿ, ಮಡಿಸಲೂ ಬೇಡಿ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿ ತನ್ನಿ, ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ಸೀರೆಯನ್ನು ಜರಿ ಒಳಗಾಗುವಂತೆ ಸಡಿಲವಾಗಿ ಸುರುಳಿ ಮಾಡಿ. ಸೀಳಿದ ಜಾಗಕ್ಕೆ ಅದೇ ಬಣ್ಣದ ತೆಳು ನೆಟ್ ಬಟ್ಟೆಯನ್ನು ಹಿಂದಿನಿಂದ ರೇಷ್ಮೆ ದಾರದಲ್ಲಿ ಹಿಡಿಸಿದರೆ ವರ್ಷಕ್ಕೊಮ್ಮೆ ಪೂಜೆಗೆ ಉಡುವಷ್ಟು ತಾಳುತ್ತದೆ. ಹೊಲಿಯುವವರಿಗೆ ಮೊದಲೇ ಹೇಳಿ: ಹೊಲಿಗೆ ಸೀಳಿನ ಅಂಚಿಗೆ ಹಾಕಬಾರದು, ಗಟ್ಟಿ ಬಟ್ಟೆ ಶುರುವಾಗುವ ಕಡೆ, ಅರ್ಧ ಇಂಚು ಆಚೆ ಹಾಕಬೇಕು.